ಕಾಲುನೋವಿರೋ ಅಪ್ಪನಿಗೆ ಸರಿಯಾದ ಸ್ಯಾಂಡಲ್ ಆರಿಸೋದು ಹೇಗೆ: ಮುಂಬೈಯಲ್ಲಿರೋ ನಮ್ಮವರಿಗೆ ಸಮಗ್ರ ಮಾರ್ಗದರ್ಶಿ

ನಮ್ಮಪ್ಪ ಮೂವತ್ತೆಂಟು ವರ್ಷ ಮುಂಬೈಯ ಹೋಟೆಲುಗಳಲ್ಲಿ ನಿಂತೇ ದುಡಿದವರು, ಮೊದಲು ದೋಸೆ ಕಾವಲಿ ಮುಂದೆ, ಆಮೇಲೆ ಗಲ್ಲಾದಲ್ಲಿ, ಅಷ್ಟೂ ವರ್ಷ ಕಾಲಿಗೆ ನೀಲಿ ಬಾರಿನ ಹವಾಯಿ ಚಪ್ಪಲಿ ಬಿಟ್ಟು ಬೇರೇನೂ ಹಾಕಿದವರಲ್ಲ. ಈಗ ಅರವತ್ತೊಂಬತ್ತು. ಹೋದ ವರ್ಷ ಬೆಳಿಗ್ಗೆ ಮಂಚದಿಂದ ಬಾತ್‌ರೂಮಿಗೆ ಹೋಗೋ ಎಂಟು ಹೆಜ್ಜೆಗೆ ಗೋಡೆ ಹಿಡಿಯೋಕೆ ಶುರು ಮಾಡಿದ್ರು, ಕೇಳಿದ್ರೆ "ಏನಿಲ್ಲ ಮಾರಾಯ, ಸ್ವಲ್ಪ ಕಾಲು ಹಿಡಿದದ್ದು" ಅಂತ. ನಾನು ಅವತ್ತು ರಾತ್ರಿಯೇ ಆನ್‌ಲೈನಲ್ಲಿ ಹೆಸರಲ್ಲೇ ಆರ್ಥೋ ಅಂತ ಇದ್ದ, ಮುಟ್ಟಿದ್ರೆ ಬೆಣ್ಣೆ ತರ ಇರೋ ಒಂದು ಜೋಡಿ ತರಿಸಿದೆ. ಮೊದಲ ವಾರ ಅಪ್ಪ ಖುಷಿ. ಎರಡು ತಿಂಗಳಾಗುವಾಗ ಹಿಮ್ಮಡಿ ಊರೋ ಜಾಗ ಬಟ್ಟಲಿನ ಹಾಗೆ ತಗ್ಗಿತ್ತು, ನೋವು ಮೊದಲಿಗಿಂತ ಜಾಸ್ತಿ.

ಆಮೇಲೆ ಫಿಸಿಯೋ ಹತ್ರ ಹೋದ್ವಿ, ಅಂಗಡಿ ಅಂಗಡಿ ಸುತ್ತಿದ್ವಿ, ಎರಡು ಜೋಡಿ ವಾಪಸ್ ಕೊಟ್ವಿ, ಮೂರನೇದು ಹೊಂದಿತು. ಆ ಸುತ್ತಾಟದಲ್ಲಿ ಕಲ್ತದ್ದನ್ನೆಲ್ಲ ಇಲ್ಲಿ ಬರೀತಿದ್ದೇನೆ, ಸ್ವಲ್ಪ ಉದ್ದ ಆಗ್ತದೆ. ಒಂದು ಮಾತು ಮೊದಲೇ ಹೇಳಿಬಿಡ್ತೇನೆ: ಮೆತ್ತಗಿರೋದು ಬೇರೆ, ಕಾಲನ್ನು ಹಿಡಿದು ನಿಲ್ಲಿಸೋದು ಬೇರೆ. ಸ್ಪಂಜಿನ ಹಾಸಿಗೆಯಲ್ಲಿ ಮಲಗಿದ್ರೆ ಮೊದಲ ಹತ್ತು ನಿಮಿಷ ಸುಖ, ಬೆಳಿಗ್ಗೆ ಸೊಂಟ ಏಳಲ್ಲ ಅಲ್ವಾ, ಅದೇ ಲೆಕ್ಕ. ಆರ್ಥೋ, ಮೆಡಿಕೇಟೆಡ್, ಡಾಕ್ಟರ್ ಅಂತೆಲ್ಲ ಇನ್‌ಸೋಲ್ ಮೇಲೆ ಅಚ್ಚು ಹಾಕಿದ್ದನ್ನು ನೋಡಿ ಮಾತ್ರ ದುಡ್ಡು ಕೊಡ್ಬೇಡಿ, ಅದನ್ನು ಯಾರು ಬೇಕಾದ್ರೂ ಹಾಕ್ಬಹುದು.

ಅಂಗಡಿಗೆ ಹೋಗೋ ಮೊದಲು: ಇದು ಚಪ್ಪಲಿಯಿಂದ ಹೋಗೋ ನೋವಾ?

ಎಲ್ಲಾ ಕಾಲುನೋವೂ ಚಪ್ಪಲಿ ಬದಲಿಸಿದ್ರೆ ಹೋಗಲ್ಲ. ಒಂದೇ ರಾತ್ರಿಯಲ್ಲಿ ಹೆಬ್ಬೆರಳ ಗಂಟು ಕೆಂಪಾಗಿ ಊದಿ, ಹೊದಿಕೆ ತಾಗಿದ್ರೂ ಜೀವ ಹೋಗೋ ಹಾಗಿದ್ರೆ ಅದು ಗೌಟ್ (ರಕ್ತದಲ್ಲಿ ಯೂರಿಕ್ ಆಸಿಡ್ ಹೆಚ್ಚಾಗಿ ಬರೋ ಗಂಟುನೋವು) ಇರ್ಬಹುದು, ರಕ್ತಪರೀಕ್ಷೆ ಮಾಡಿಸ್ಬೇಕು. ಸ್ವಲ್ಪ ದೂರ ನಡೆದ ಕೂಡಲೇ ಮೀನಖಂಡ ಹಿಡಿದು, ನಿಂತರೆ ಬಿಟ್ಟು, ಮತ್ತೆ ನಡೆದರೆ ಮತ್ತೆ ಹಿಡಿಯೋದಾದ್ರೆ ರಕ್ತನಾಳದ ಕಡೆ ನೋಡಿಸ್ಬೇಕು, ಬೀಡಿ ಸಿಗರೇಟು ಸೇದಿದವರಂತೂ ತಡ ಮಾಡ್ಲೇಬಾರ್ದು. ಕಾಲು ಹೊರಳಿ ನಾಲ್ಕು ಹೆಜ್ಜೆ ಕೂಡ ಇಡೋಕಾಗ್ತಿಲ್ಲ ಅಂದ್ರೆ ಎಕ್ಸ್‌ರೇ. ಶುಗರ್ ಇದ್ದು ಪಾದ ಒಂದು ಬದಿ ಬಿಸಿಯಾಗಿ ಊದಿದ್ರೆ, ನೋವಿಲ್ಲದಿದ್ರೂ, ಅವತ್ತೇ ಡಾಕ್ಟರ್ ಹತ್ರ ಓಡಿ. ಒಳಗಿನ ಎಲುಬು ಸದ್ದಿಲ್ಲದೆ ಕುಸಿಯೋ ಒಂದು ಕಾಯಿಲೆ ಉಂಟು, ಶುರುವಿಗೆ ಹಾಗೇ ಕಾಣ್ತದೆ.

ಇದ್ಯಾವುದೂ ಅಲ್ಲ, ತಿಂಗಳುಗಟ್ಟಲೆ ಇರೋ ಸಾದಾ ನೋವು ಅಂತಾದ್ರೆ ಮುಂದೆ ಓದಿ.

ಹಂತ 1: ನೋವು ಬೆರಳಿಟ್ಟು ತೋರಿಸೋಕೆ ಹೇಳಿ

"ಕಾಲುನೋವು" ಅಂದ್ರೆ ಸಾಲದು. ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ, ಪಾದ ನಿಮ್ಮ ಮೊಣಕಾಲ ಮೇಲೆ ಇಟ್ಕೊಂಡು, ಒಂದೇ ಬೆರಳಲ್ಲಿ ಜಾಗ ತೋರಿಸೋಕೆ ಹೇಳಿ. ನಮ್ಮಪ್ಪ ಮೊದಲು ಕಾಲು ಕೊಡೋಕೆ ಒಪ್ಪಲೇ ಇಲ್ಲ, "ಬಿಡು, ನೀನು ಮುಟ್ಟೋದೆಂತ" ಅಂತ ಎಳ್ಕೊಂಡ್ರು. ಮೂವತ್ತೆಂಟು ವರ್ಷ ದುಡಿದ ಆ ಅಂಗಾಲನ್ನು ನಾನು ಹತ್ತಿರದಿಂದ ನೋಡಿದ್ದು ಅವತ್ತೇ ಮೊದಲು. ಹಿಮ್ಮಡಿ ತುಂಬ ಒಡಕು, ಕಿರುಬೆರಳ ಬುಡದಲ್ಲಿ ಆಣಿ, ಹೆಬ್ಬೆರಳ ಸಂದಿಯಲ್ಲಿ ಹವಾಯಿ ಬಾರು ಕೂತು ಕೂತು ಕಪ್ಪಾದ ಗುರುತು.

ಹಿಮ್ಮಡಿಯ ಅಡಿ, ಸ್ವಲ್ಪ ಒಳಬದಿಗೆ, ಬೆಳಿಗ್ಗೆ ಮೊದಲ ಹೆಜ್ಜೆಗೆ ಮೊಳೆ ಹೊಡೆದ ಹಾಗೆ, ಹತ್ತು ನಿಮಿಷ ನಡೆದ ಮೇಲೆ ಕಡಿಮೆ, ಹೊತ್ತು ಕೂತೆದ್ದರೆ ಮತ್ತೆ: ಇದು ಸಾಧಾರಣವಾಗಿ ಪ್ಲಾಂಟರ್ ಫ್ಯಾಸಿಯೈಟಿಸ್. ಹಿಮ್ಮಡಿ ಎಲುಬಿಂದ ಬೆರಳ ಬುಡದ ತನಕ ಬಿಲ್ಲಿನ ಹಗ್ಗದ ಹಾಗೆ ಒಂದು ಗಟ್ಟಿ ಪಟ್ಟಿ ಉಂಟು, ಅದು ರಾತ್ರಿ ಸಂಕುಚಿಸಿ ಕೂತಿರ್ತದೆ, ಬೆಳಿಗ್ಗೆ ಮೈಭಾರ ಬಿದ್ದಾಗ ಒಮ್ಮೆಲೇ ಎಳೀತದೆ. ಇಂಥವರಿಗೆ ಅಂಗಾಲಿನ ನಡುವೆ ಬಾಗಿರೋ ಕಮಾನಿನ ಜಾಗ ಎತ್ತಿ ಹಿಡಿಯೋ ಅಟ್ಟೆ, ಆಳದ ಹೀಲ್ ಕಪ್ (ಹಿಮ್ಮಡಿ ಕೂರೋ ತಗ್ಗು), ಮುಂಪಾದಕ್ಕಿಂತ ಹಿಮ್ಮಡಿ ಒಂದರಿಂದ ಎರಡು ಸೆಂಟಿಮೀಟರ್ ಎತ್ತರ ಇರೋ ಸ್ಯಾಂಡಲ್ ಆಗಿಬರ್ತದೆ. ಪೂರ್ತಿ ಚಪ್ಪಟೆ ಇದ್ದದ್ದು ಆಗಲ್ಲ. ಎಕ್ಸ್‌ರೇಯಲ್ಲಿ ಎಲುಬು ಮುಳ್ಳಿನ ಹಾಗೆ ಬೆಳೆದದ್ದು ಕಂಡ್ರೆ ಹೆದ್ರಿಕೊಳ್ಬೇಡಿ, ಮುಳ್ಳಿದ್ದೂ ನೋವೇ ಇಲ್ಲದವರು ಎಷ್ಟೋ ಜನ ಇದ್ದಾರೆ.

ಹಿಮ್ಮಡಿಯ ನಟ್ಟ ನಡುವೆ, ಗಟ್ಟಿ ನೆಲದಲ್ಲಿ ಬರಿಗಾಲಲ್ಲಿ ನಿಂತಷ್ಟೂ ಜಾಸ್ತಿ, ಸಂಜೆಗೆ ಇನ್ನೂ ಜಾಸ್ತಿ: ಇಲ್ಲಿ ಹಿಮ್ಮಡಿಯ ಕೊಬ್ಬಿನ ದಿಂಡು ಸವೆದಿರ್ತದೆ. ವಯಸ್ಸಾದಂತೆ ಅದು ತೆಳ್ಳಗಾಗೋದು ಸಹಜ. ಒತ್ತಿ ನೋಡಿದ್ರೆ ಒಳಗಿನ ಎಲುಬು ಬೆರಳಿಗೆ ಸಿಗ್ತದೆ. ಇವರಿಗೆ ಮೆತ್ತೆ ಬೇಕು, ಜೊತೆಗೆ ಬಟ್ಟಲಿನ ಹಾಗೆ ಅಂಚು ಎತ್ತರ ಇರೋ ಹೀಲ್ ಕಪ್ಪೂ ಬೇಕು, ಆಗ ಇದ್ದಬದ್ದ ಕೊಬ್ಬು ಅತ್ತಿತ್ತ ಹರಡದೆ ಎಲುಬಿನಡಿಗೇ ಒಟ್ಟಾಗಿ ನಿಲ್ತದೆ.

ಬೆರಳುಗಳ ಬುಡದಲ್ಲಿ, ಕಲ್ಲಿನ ಮೇಲೆ ನಿಂತ ಹಾಗೆ ಆಗೋದಾದ್ರೆ ಮುಂಪಾದ ಅಗಲ ಇರೋದನ್ನು ತಗೊಳ್ಳಿ. ಮೆಟಟಾರ್ಸಲ್ ಪ್ಯಾಡ್ ಅಂತ ಹನಿಯಾಕಾರದ ಒಂದು ಸಣ್ಣ ದಿಂಬು ಸಿಗ್ತದೆ, ಅದನ್ನು ಅಂಟಿಸ್ಬೇಕಾದ್ದು ನೋವಿನ ಜಾಗದ ಅಡಿಗಲ್ಲ, ಅದಕ್ಕಿಂತ ಸ್ವಲ್ಪ ಹಿಂದೆ, ಹಿಮ್ಮಡಿ ಕಡೆಗೆ. ತುಂಬಾ ಜನ ಇಲ್ಲೇ ತಪ್ಪು ಮಾಡಿ ನೋವು ಹೆಚ್ಚು ಮಾಡ್ಕೊಳ್ತಾರೆ. ಹೆಬ್ಬೆರಳ ಗಂಟು ಬಗ್ಗದೆ ಗಡಸಾಗಿದ್ರೆ ಮುಂದಿನ ತುದಿ ತೊಟ್ಟಿಲಿನ ಹಾಗೆ ಮೇಲೆ ಬಾಗಿರೋ, ಬಗ್ಗದ ಅಟ್ಟೆ ಒಳ್ಳೇದು, ಬೆರಳು ಬಗ್ಗಿಸ್ದೇ ಕಾಲು ಮುಂದಕ್ಕೆ ಉರುಳ್ತದೆ. ಗಂಟು ಹೊರಗೆ ಚಾಚಿದ್ರೆ ಪಟ್ಟಿ ಅದರ ಮೇಲೆ ಹಾದು ಹೋಗದ ಮಾಡೆಲ್ ಹುಡುಕಿ.

ಒಳಗಿನ ಕಾಲ್ಗಂಟಿನ ಹಿಂದೆ ಕೆಳಗೆ ನೋವು, ಒಂದು ಪಾದ ಮಾತ್ರ ಇತ್ತೀಚೆಗೆ ಚಪ್ಪಟೆ ಆಗ್ತಾ ಬಂದಿದೆ ಅಂತಾದ್ರೆ ಅದು ಸ್ನಾಯುರಜ್ಜು ಸೋಲ್ತಿರೋ ಲಕ್ಷಣ. ಅಂಗಡಿ ಸ್ಯಾಂಡಲಿಂದ ಆಗಲ್ಲ, ಆರ್ಥೋಪೆಡಿಕ್ ಡಾಕ್ಟರನ್ನು ಕಾಣಿ.

ನಮ್ಮಪ್ಪನಿಗೆ ಎರಡೂ ಇತ್ತು, ಬಲಗಾಲಿಗೆ ಪಟ್ಟಿಯ ನೋವು, ಎರಡೂ ಹಿಮ್ಮಡಿಗೆ ಕೊಬ್ಬು ಸವೆದದ್ದು. ಹಾಗಾಗಿ ಬರೀ ಮೆತ್ತೆ ತಂದು ನಾನು ಮೊದಲು ಕೆಟ್ಟದ್ದು.

ಹಂತ 2: ಸಂಜೆ ಹೊತ್ತು, ನಿಂತು, ಎರಡೂ ಕಾಲು ಅಳೆಯಿರಿ

"ನಂದು ಎಂಟು ನಂಬರ್" ಅಂತ ಅಪ್ಪಂದಿರು ಹೇಳ್ತಾರಲ್ಲ, ಅದು ಮದುವೆ ಕಾಲದ ನಂಬರ್. ವಯಸ್ಸಾದಂತೆ ಕಾಲಿನ ಕಟ್ಟು ಸಡಿಲಾಗಿ ಪಾದ ಉದ್ದಕ್ಕೂ ಅಗಲಕ್ಕೂ ಹರಡ್ತದೆ, ಅದ್ರ ಮೇಲೆ ಸಂಜೆಗೆ ಊತ ಬೇರೆ. ಬಿಪಿಗೆ ಕೊಡೋ ಕೆಲವು ಮಾತ್ರೆಗಳಿಂದಲೂ ಪಾದ ಊದೋದುಂಟು. ಹಾಗಾಗಿ ಬೆಳಿಗ್ಗೆ ಅಳತೆ ತಗೊಂಡು ತಂದದ್ದು ಸಂಜೆ ಕಚ್ತದೆ.

ಹೋಟೆಲಿಂದ ಸಿಗೋ ದೊಡ್ಡ ಕ್ಯಾಲೆಂಡರಿನ ಒಂದು ಹಾಳೆ ಹರಿದು, ಹಿಂಬದಿ ಮೇಲೆ ಮಾಡಿ ಗೋಡೆಗೆ ತಾಗಿಸಿ ನೆಲದಲ್ಲಿ ಹಾಸಿ. ಹಿಮ್ಮಡಿ ಗೋಡೆಗೆ ತಾಗಿಸಿ ನಿಲ್ಲೋಕೆ ಹೇಳಿ, ಭಾರ ಎರಡೂ ಕಾಲಿಗೆ ಸಮ. ಪೆನ್ಸಿಲ್ ನೆಟ್ಟಗೆ ಹಿಡಿದು ಸುತ್ತ ಗೆರೆ ಎಳೀರಿ, ಓರೆ ಹಿಡಿದ್ರೆ ಒಳಗೆ ಹೋಗಿ ಪಾದ ಸಣ್ಣದಾಗಿ ಬರ್ತದೆ. ಅತಿ ಉದ್ದದ ಬೆರಳ ತನಕ ಉದ್ದ, ಬೆರಳ ಬುಡದಲ್ಲಿ ಅಗಲ. ಹೆಬ್ಬೆರಳಿಗಿಂತ ಎರಡನೇ ಬೆರಳು ಉದ್ದ ಇರೋರು ತುಂಬ ಜನ, ಅದನ್ನು ಮರೀಬೇಡಿ. ಆಮೇಲೆ ಗೆರೆಯ ಮೇಲೆ ಕತ್ತರಿಸಿ, ಎರಡೂ ಕಾಗದದ ಪಾದ ಮಡಚಿ ಜೇಬಿಗೆ ಹಾಕ್ಕೊಳ್ಳಿ, ಅಂಗಡಿಯಲ್ಲಿ ಇದೇ ನಿಮ್ಮ ಸಾಕ್ಷಿ. ಸ್ಯಾಂಡಲೊಳಗೆ ಇಟ್ಟಾಗ ಕಾಗದ ಎಲ್ಲಿಯೂ ಅಂಚು ಹತ್ತಬಾರ್ದು, ಬೆರಳ ಮುಂದೆ ಸುಮಾರು ಒಂದು ಸೆಂಟಿಮೀಟರ್ ಜಾಗ ಉಳೀಬೇಕು.

ನಮ್ಮಲ್ಲಿ ಹೆಚ್ಚಾಗಿ ನಡೆಯೋ ಯುಕೆ ನಂಬರಲ್ಲಿ ಒಂದಕ್ಕೂ ಇನ್ನೊಂದಕ್ಕೂ ಸುಮಾರು 8.5 ಮಿಲಿಮೀಟರ್ ವ್ಯತ್ಯಾಸ, ಅರ್ಧ ನಂಬರ್ ಎಲ್ಲಾ ಕಡೆ ಸಿಗೋದಿಲ್ಲ, ಒಂದು ಕಂಪನಿಯ ಎಂಟು ಇನ್ನೊಂದರ ಒಂಬತ್ತು ಆಗಿರ್ತದೆ. ಅಪ್ಪನ ಎಡಗಾಲು ಬಲಗಾಲಿಗಿಂತ ಐದು ಮಿಲಿಮೀಟರ್ ಉದ್ದ ಬಂತು, ಇಷ್ಟು ವರ್ಷ ಎಂಟು ಹಾಕ್ತಿದ್ದವರಿಗೆ ಒಂಬತ್ತು ಬೇಕಿತ್ತು. ಯಾವಾಗಲೂ ದೊಡ್ಡ ಕಾಲಿಗೆ ತಗೊಳ್ಳಿ, ಸಣ್ಣದನ್ನು ಪಟ್ಟಿ ಬಿಗಿ ಮಾಡಿ ಸರಿದೂಗಿಸ್ಬಹುದು.

ಅಳೆದಾದ ಮೇಲೆ ಹಳೇ ಚಪ್ಪಲಿ ತಿರುಗಿಸಿ ನೋಡಿ. ಹಿಮ್ಮಡಿಯ ಹೊರ ಅಂಚು ಸ್ವಲ್ಪ ಸವೆದಿದ್ರೆ ಅದು ಎಲ್ಲರಿಗೂ ಇರೋದೇ. ಒಳ ಅಂಚು ಸವೆದಿದ್ರೆ ಕಾಲು ಒಳಗೆ ವಾಲ್ತಿದೆ, ಕಮಾನಿನ ಆಧಾರ ಗಟ್ಟಿ ಇರ್ಬೇಕು. ಒಂದು ಚಪ್ಪಲಿ ಮಾತ್ರ ಜಾಸ್ತಿ ಸವೆದಿದ್ರೆ ಸೊಂಟ, ಮೊಣಕಾಲು, ಕಾಲುದ್ದದ ವ್ಯತ್ಯಾಸ ಏನೋ ಇರ್ತದೆ, ಫಿಸಿಯೋಗೆ ಆ ಚಪ್ಪಲಿಯನ್ನೇ ತಗೊಂಡು ಹೋಗಿ ತೋರಿಸಿ.

ಹಂತ 3: ಕಾಲು ಹಾಕೋ ಮೊದಲು ಕೈಯಲ್ಲಿ ಪರೀಕ್ಷೆ

ಅಂಗಡಿಯವ ಮುಖ ಸಿಂಡರಿಸ್ತಾನೆ, ಸಿಂಡರಿಸ್ಲಿ. ಮೊದಲು ಬಗ್ಗಿಸಿ. ಹಿಮ್ಮಡಿ ಒಂದು ಕೈ, ತುದಿ ಒಂದು ಕೈ ಹಿಡಿದು ಒತ್ತಿದ್ರೆ ಬೆರಳ ಬುಡ ಕೂರೋ ಜಾಗದಲ್ಲೇ ಮಡಚ್ಬೇಕು, ಯಾಕಂದ್ರೆ ನಮ್ಮ ಪಾದ ಬಗ್ಗೋದು ಅಲ್ಲೇ (ಹೆಬ್ಬೆರಳ ಗಂಟು ಗಡಸಾದವರಿಗೆ ಮಾತ್ರ ಮೊದಲು ಹೇಳಿದ ಬಗ್ಗದ ಅಟ್ಟೆ). ನಟ್ಟ ನಡುವೆ ಪತ್ರಿಕೆ ಹಾಗೆ ಮಡಚಿತು ಅಂದ್ರೆ ವಾಪಸ್ ಇಡಿ, ಕಮಾನಿಗೆ ಅದು ಏನೂ ಆಧಾರ ಕೊಡಲ್ಲ. ಆಮೇಲೆ ಒದ್ದೆ ಪಂಚೆ ಹಿಂಡೋ ಹಾಗೆ ತಿರುಚಿ, ಸ್ವಲ್ಪ ತಿರುಗಿ ನಿಲ್ಬೇಕು, ಪೂರ್ತಿ ಹಗ್ಗ ಆಗ್ಬಾರ್ದು. ನೀಲಿ ಬಾರಿನ ಹವಾಯಿ ಈ ಎರಡೂ ಪರೀಕ್ಷೆಯಲ್ಲಿ ಡುಮ್ಕಿ, ಮನೇಲೇ ನೋಡಿ ಬೇಕಿದ್ರೆ.

ಮೂರನೇದು ಕೈ ಹೆಬ್ಬೆರಳ ಪರೀಕ್ಷೆ. ಹಿಮ್ಮಡಿ ಜಾಗವನ್ನು ಹೆಬ್ಬೆರಳಲ್ಲಿ ಜೋರಾಗಿ ಒತ್ತಿ ಐದು ಸೆಕೆಂಡ್ ಹಿಡಿದು ಬಿಡಿ. ಸ್ವಲ್ಪ ಇಳಿದು, ಅಡಿಯಲ್ಲಿ ಒಂದು ಗಟ್ಟಿ ತಡೆ ಸಿಕ್ಕಿ, ಬಿಟ್ಟ ಕೂಡಲೇ ಮೇಲೆ ಬಂದ್ರೆ ಒಳ್ಳೇದು. ಹೆಬ್ಬೆರಳು ತಳಕ್ಕೇ ಮುಟ್ಟಿದ್ರೆ ಎಪ್ಪತ್ತು ಕಿಲೋ ಮನುಷ್ಯ ನಿಂತಾಗ ಏನಾಗ್ಬಹುದು ಯೋಚಿಸಿ. ನನ್ನ ಮೊದಲ ಆನ್‌ಲೈನ್ ಜೋಡಿ ಹೀಗೇ ಇತ್ತು, ಒತ್ತಿ ನೋಡೋ ಬುದ್ಧಿ ಆಗ ಇರ್ಲಿಲ್ಲ. ಇನ್ನೊಂದು, ತೀರಾ ಮೆತ್ತನೆ ದಪ್ಪ ಅಟ್ಟೆಯಲ್ಲಿ ನೆಲ ಎಲ್ಲಿ ಅಂತ ಕಾಲಿಗೆ ಸರಿ ಗೊತ್ತಾಗಲ್ಲ, ವಯಸ್ಸಾದವರು ಸಮತೋಲ ತಪ್ಪಿ ಬೀಳೋ ಅಪಾಯ ಹೆಚ್ಚು.

ನಾಲ್ಕನೇದಕ್ಕೆ ಗಾಜಿನ ಕೌಂಟರ್ ಮೇಲೆ ಇಟ್ಟು ಹಿಂದಿಂದ ನೋಡಿ. ಹೊಸದರಲ್ಲೇ ಒಂದು ಬದಿಗೆ ವಾಲಿ ನಿಲ್ಲೋ ಸ್ಯಾಂಡಲ್‌ಗಳಿವೆ, ನಾನೇ ಎರಡು ನೋಡಿದ್ದೇನೆ. ತೂಕವೂ ಗಮನಿಸಿ, ಕಾಲೆತ್ತೋಕೆ ಕಷ್ಟ ಇರೋರಿಗೆ ಭಾರದ ಸ್ಯಾಂಡಲ್ ಮೆಟ್ಟಿಲಲ್ಲಿ ಎಡವಿಸ್ತದೆ.

ಕಮಾನಿನ ಉಬ್ಬು ಸರಿ ಜಾಗದಲ್ಲಿ ಇದೆಯಾ ಅನ್ನೋದು ಮಾತ್ರ ಕಾಲು ಹಾಕಿದ್ರೇ ಗೊತ್ತಾಗೋದು. ಉಬ್ಬು ಪಾದದ ಕಮಾನಿಗಿಂತ ಮುಂದೆ ಬಂದ್ರೆ ಬೆರಳ ಬುಡಕ್ಕೆ ಚುಚ್ತದೆ, ಹಿಂದೆ ಬಂದ್ರೆ ಹಿಮ್ಮಡಿ ಎಲುಬಿಗೆ. ನಂಬರ್ ಬದಲಿಸಿ ನೋಡಿ, ಆಗಲೂ ಕೂರದಿದ್ರೆ ಆ ಮಾಡೆಲ್ ಇವರ ಕಾಲಿನದ್ದಲ್ಲ ಅಂತ ಲೆಕ್ಕ.

ಹಂತ 4: ಪಟ್ಟಿ

ಹಿಂದೆ ಪಟ್ಟಿ ಇರ್ಲೇಬೇಕು ಅನ್ನೋದು ನನ್ನ ಹಠ. ಹಿಂದೆ ಪಟ್ಟಿ ಇಲ್ಲದ ಚಪ್ಪಲಿ ಜಾರದ ಹಾಗೆ ಹಿಡಿಯೋಕೆ ಬೆರಳುಗಳು ಪ್ರತಿ ಹೆಜ್ಜೆಗೂ ಹಕ್ಕಿ ಉಗುರಿನ ಹಾಗೆ ಮುದುಡ್ತವೆ, ಅದ್ರಿಂದ ಆಣಿ, ಬೆರಳ ನೋವು, ಮೇಲಾಗಿ ಎಡವಿ ಬೀಳೋದು. ಮುಂಪಾದಕ್ಕೊಂದು, ಪಾದದ ಮೇಲ್ಭಾಗಕ್ಕೊಂದು, ಹಿಂದೆ ಒಂದು, ಮೂರೂ ಬೇರೆ ಬೇರೆ ಬಿಗಿ ಮಾಡೋ ಹಾಗಿದ್ರೆ ಊತ ಏರಿಳಿದ ಹಾಗೆ ಹೊಂದಿಸ್ಕೊಳ್ಬಹುದು. ಉಂಗುಷ್ಠ ಇರೋದು, ಹೆಬ್ಬೆರಳ ಸಂದಿಯಲ್ಲಿ ಬಾರು ಹಾಕೋದು ಶುಗರ್ ಇರೋರಿಗೆ ಬೇಡವೇ ಬೇಡ.

ಬಕಲ್ ಚೆಂದ, ಆದ್ರೆ ಬಗ್ಗೋಕಾಗದ ಸೊಂಟ, ನಡುಗೋ ಬೆರಳು ಇದ್ರೆ ವೆಲ್ಕ್ರೋ ತಗೊಳ್ಳಿ. ನಮ್ಮವರು ದಿನಕ್ಕೆ ಎಷ್ಟು ಸಲ ಚಪ್ಪಲಿ ಬಿಡ್ತಾರೆ ಲೆಕ್ಕ ಹಾಕಿ: ದೇವಸ್ಥಾನ, ನೆಂಟರ ಮನೆ, ಭಜನೆ, ಪರಿಚಯದ ಅಂಗಡಿ. ಹಾಕೋದು ತೆಗೆಯೋದು ಕಷ್ಟ ಆದ್ರೆ ಎರಡನೇ ದಿನಕ್ಕೇ ಹಿಂದಿನ ಪಟ್ಟಿಯನ್ನು ಮೆಟ್ಟಿ ಚಪ್ಪಲಿ ಮಾಡ್ಕೊಂಡು ಎಳೀತಾ ಹೋಗ್ತಾರೆ. ನಮ್ಮಪ್ಪ ಮಾಡಿದ್ದೂ ಅದೇ. ಆಮೇಲೆ ಬಾಗಿಲ ಹತ್ರ ಒಂದು ಸ್ಟೂಲು, ಉದ್ದ ಹಿಡಿಯ ಶೂ ಹಾರ್ನ್ ಇಟ್ಟ ಮೇಲೆ ಸುಧಾರಿಸಿತು. ಅಂಗಡಿಯಲ್ಲೇ ಅಪ್ಪನ ಕೈಯಿಂದಲೇ ಹಾಕಿಸಿ ತೆಗೆಸಿ ನೋಡಿ, ನೀವು ಮಂಡಿಯೂರಿ ಹಾಕಿಕೊಟ್ರೆ ಮನೆಯಲ್ಲಿ ಅವರಿಗೆ ಆಗ್ತದೋ ಇಲ್ವೋ ಗೊತ್ತಾಗಲ್ಲ.

ಹಂತ 5: ಯಾವ ಮಾಲು? ಮುಂಬೈ ಮಳೆ ಕೇಳಿ ನಿರ್ಧಾರ ಮಾಡಿ

ಜೂನಿಂದ ಸೆಪ್ಟೆಂಬರ್ ತನಕ ಇಲ್ಲಿಯ ಮಳೆ ಯಾವ ಚಪ್ಪಲಿಯನ್ನೂ ಒಣಗೋಕೆ ಬಿಡಲ್ಲ.

ಇವಿಎ ಅಂದ್ರೆ ಆ ಹಗುರದ ಫೋಮ್, ನೀರಿಗೆ ಏನೂ ಆಗಲ್ಲ, ಆದ್ರೆ ಭಾರ ಬಿದ್ದು ಬಿದ್ದು ತಗ್ಗಿಬಿಡ್ತದೆ, ಮೈ ದಪ್ಪ ಇರೋರಿಗೆ ಇನ್ನೂ ಬೇಗ. ಪಿಯು (ಪಾಲಿಯುರೆಥೇನ್) ಸ್ವಲ್ಪ ಭಾರ, ಹೆಚ್ಚು ದಿನ ಆಕಾರ ಉಳಿಸ್ಕೊಳ್ತದೆ, ಆದ್ರೆ ಅದಕ್ಕೊಂದು ಶಾಪ ಉಂಟು. ಗಾಳಿಯ ತೇವ ಸೇರಿ ಸೇರಿ ಪಿಯು ಒಳಗಿಂದಲೇ ಮುರೀತದೆ, ಬಳಸ್ದೇ ಡಬ್ಬದಲ್ಲಿ ಇಟ್ಟದ್ದೂ ಹಾಳಾಗ್ತದೆ. ನಮ್ಮ ಸೋದರಮಾವ ಒಳ್ಳೇ ಸ್ಯಾಂಡಲ್ ಅಂತ ಮದುವೆಗೆ ಮಾತ್ರ ಅಂತ ನಾಲ್ಕೈದು ವರ್ಷ ಡಬ್ಬದಲ್ಲಿಟ್ಟಿದ್ರು, ಕುರ್ಲಾದ ಬಂಟರ ಭವನದ ಮದುವೆಗೆ ಹಾಕ್ಕೊಂಡು ಬಂದವರ ಹಿಂದೆ ಮೆಟ್ಟಿಲ ತುಂಬ ಕಂದು ಹುಡಿ, ಊಟದ ಹೊತ್ತಿಗೆ ಒಂದು ಅಟ್ಟೆಯೇ ಕಳಚಿ ಬಂತು, ಬರಿಗಾಲಲ್ಲಿ ಆಟೋ ಹತ್ತಿದ್ರು. ಒಳ್ಳೇ ಚಪ್ಪಲಿಯನ್ನು ಎತ್ತಿಡ್ಬೇಡಿ, ಹಾಕಿ.

ಹೊರ ಅಟ್ಟೆಗೆ ರಬ್ಬರ್ ಅಥವಾ ಟಿಪಿಆರ್ (ರಬ್ಬರಿನ ಹಾಗಿರೋ ಪ್ಲಾಸ್ಟಿಕ್) ಇರ್ಲಿ, ಗೀರು ಆಳ ಇರ್ಲಿ. ಗಟ್ಟಿ ಪಿವಿಸಿ ಒದ್ದೆ ಟೈಲ್ಸಲ್ಲಿ ಸಾಬೂನು. ಮಳೆಗಾಲದಲ್ಲಿ ಪಾದಚಾರಿ ಸೇತುವೆಯ ಮೆಟ್ಟಿಲು ನೆನಪಿಸ್ಕೊಳ್ಳಿ, ಆ ರಶ್‌ನಲ್ಲಿ ಜಾರಿದ್ರೆ ಹಿಡಿಯೋಕೆ ಕಂಬಿಯೂ ಸಿಗಲ್ಲ.

ಚರ್ಮ ಕಾಲಿನ ಆಕಾರಕ್ಕೆ ಬಗ್ಗಿ ಬರ್ತದೆ, ಬೇಸಿಗೆಗೆ ಸುಖ, ಮಳೆಗಾಲಕ್ಕೆ ಬೂಷ್ಟು ಹಿಡೀತದೆ. ಕಾರ್ಕ್ ಅಟ್ಟೆಗೆ ಹೆಸರಾದದ್ದು ಜರ್ಮನಿಯ ಬರ್ಕನ್‌ಸ್ಟಾಕ್, ಕಾರ್ಕ್ ಲ್ಯಾಟೆಕ್ಸ್ ಕಲಸಿದ ಅವರ ಫುಟ್‌ಬೆಡ್ಡಿನ ಹೀಲ್ ಕಪ್ ಆಳ, ಕಮಾನು ಸ್ಪಷ್ಟ. ಆದ್ರೆ ಅದು ನೆನೆದ್ರೆ ಕೆಡ್ತದೆ, ಮತ್ತೆ ಅವರ ಎಲ್ಲಾ ಕಡೆ ಕಾಣೋ ಎರಡು ಪಟ್ಟಿಯ ಅರಿಝೋನಾ ಮಾಡೆಲ್‌ಗೆ ಹಿಂದೆ ಪಟ್ಟಿ ಇಲ್ಲ. ನಡಿಗೆ ಗಟ್ಟಿ ಇರೋ ಐವತ್ತೈದರವರಿಗೆ ಸರಿ, ನಮ್ಮಪ್ಪನಂಥವರಿಗೆ ನಾನು ಹೇಳಲ್ಲ.

ಕೊಲ್ಲಾಪುರಿ ಬಗ್ಗೆ ಕೇಳೇ ಕೇಳ್ತೀರಿ. ಅದು ಬರೀ ಕೊಲ್ಲಾಪುರದ್ದಲ್ಲ, 2019ರಲ್ಲಿ ಸಿಕ್ಕ ಜಿಐ ಟ್ಯಾಗ್ (ಇಂಥ ಊರಿನದ್ದೇ ಮಾಲು ಅನ್ನೋ ಸರ್ಕಾರಿ ಗುರುತು) ಮಹಾರಾಷ್ಟ್ರದ ನಾಲ್ಕು ಜಿಲ್ಲೆ, ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಸೇರಿ ಎಂಟು ಜಿಲ್ಲೆಯದ್ದು, ಅಥಣಿ ಚಪ್ಪಲಿ ಹಾಕಿದ ಅಜ್ಜಂದಿರ ಠೀವಿಯೇ ಬೇರೆ. ಆದ್ರೆ ಗಟ್ಟಿ ಚರ್ಮದ ಚಪ್ಪಟೆ ಅಟ್ಟೆ, ಮೆತ್ತೆ ಇಲ್ಲ, ಕಮಾನಿಗೆ ಆಧಾರ ಇಲ್ಲ, ಮೇಲಿಂದ ಉಂಗುಷ್ಠ. ಹಿಮ್ಮಡಿ ನೋವಿರೋವಾಗ ಅದನ್ನು ಫೋಟೋ ತೆಗೆಸ್ಕೊಳ್ಳೋಕೆ ಮಾತ್ರ ಇಡಿ.

ಹಂತ 6: ಎಲ್ಲಿ ತಗೊಳ್ಳೋದು, ಎಷ್ಟು ಕೊಡೋದು

ಮೊದಲ ಜೋಡಿಯನ್ನು ಅಂಗಡಿಗೇ ಹೋಗಿ ತಗೊಳ್ಳಿ, ಸಂಜೆ ಐದರ ಮೇಲೆ, ಆದ್ರೆ ಶನಿವಾರ ಭಾನುವಾರ ಬೇಡ, ಯಾರೂ ಪುರುಸೊತ್ತಲ್ಲಿ ತೋರಿಸಲ್ಲ. ದಾದರ್, ಠಾಣೆ, ಬಾಂದ್ರಾ ಲಿಂಕಿಂಗ್ ರೋಡ್ ಕಡೆ ಬಾಟಾ, ಮೆಟ್ರೋ ತರದ ದೊಡ್ಡ ಅಂಗಡಿಗಳಲ್ಲಿ ನಾಲ್ಕೈದು ಬ್ರ್ಯಾಂಡ್ ಒಟ್ಟಿಗೆ ಹಾಕಿ ನೋಡ್ಬಹುದು. ರಸ್ತೆ ಬದಿಯ ಸಾಲಲ್ಲಿ ಚೌಕಾಶಿ ಮಾಡಿ ಚೆಂದದ್ದು ಸಿಗ್ತದೆ, ಸರಿಯಾದ್ದು ಸಿಗೋದು ಕಷ್ಟ. ಹಾಕಿ ಐದು ನಿಮಿಷ ಅಲ್ಲೇ ನಡೆಯಿರಿ, ಕಾರ್ಪೆಟ್ ಮೇಲಲ್ಲ, ಗಟ್ಟಿ ನೆಲದ ಮೇಲೆ, ಮೆಟ್ಟಿಲಿದ್ರೆ ಇಳಿದು ಹತ್ತಿ. ಮನೆಯೊಳಗೆ ಹಾಕಿ ನೋಡಿ ವಾಪಸ್ ತಂದ್ರೆ ಬದಲಿಸ್ತಾರಾ ಅಂತ ಬಿಲ್ ಮಾಡೋ ಮೊದಲೇ ಕೇಳಿ.

ಅಪ್ಪನಿಗೆ ಕೊನೆಗೆ ಹೊಂದಿದ್ದು 1,850 ರೂಪಾಯಿಯದ್ದು, ಪಿಯು ಅಟ್ಟೆ, ಮೂರು ವೆಲ್ಕ್ರೋ, ಒಳಗಿನ ಮೆತ್ತೆ ತೆಗೆದು ಹಾಕೋ ಹಾಗಿರೋದು. "ಒಂದು ಜೋಡಿಗೆ ಎರಡು ಸಾವಿರವಾ? ನಾನು ಕೆಲಸಕ್ಕೆ ಸೇರುವಾಗ ತಿಂಗಳ ಸಂಬಳ ಅದ್ರ ಹತ್ತರಲ್ಲೊಂದು ಇರ್ಲಿಲ್ಲ" ಅಂತ ಅಂಗಡಿಯವನ ಎದುರೇ ಶುರು ಮಾಡಿದ್ರು. ಬೆಲೆಯ ಸ್ಟಿಕ್ಕರ್ ಮನೆಯಲ್ಲೇ ಕಿತ್ತು ಉಡುಗೊರೆ ಅಂತ ಕೊಡೋದು ಜಾಣತನ, ಆದ್ರೆ ಅವರು ಬರದೆ ಅಳತೆ ಸಿಗಲ್ಲ, ಹಾಗಾಗಿ ಬೈಸಿಕೊಳ್ಳಿ.

ಅಂಗಡಿಯದ್ದು ಯಾವುದೂ ಹೊಂದದಿದ್ರೆ, ಪಾದದ ಆಕಾರವೇ ಬದಲಾಗಿದ್ರೆ ಅಳತೆ ಕೊಟ್ಟು ಮಾಡಿಸ್ಬೇಕು. ಹಾಜಿ ಅಲಿ ಹತ್ರ ಕೇಂದ್ರ ಸರ್ಕಾರದ ಆಲ್ ಇಂಡಿಯಾ ಇನ್‌ಸ್ಟಿಟ್ಯೂಟ್ ಆಫ್ ಫಿಸಿಕಲ್ ಮೆಡಿಸಿನ್ ಅಂಡ್ ರಿಹ್ಯಾಬಿಲಿಟೇಶನ್ ಉಂಟು, 1955ರಿಂದ ಇರೋ ಸಂಸ್ಥೆ, ಕೃತಕ ಕಾಲು, ಆರ್ಥೋಟಿಕ್ಸ್ (ಕೈಕಾಲಿಗೆ ಆಧಾರ ಕೊಡೋ ಸಾಧನ) ಕೆಲಸಕ್ಕೇ ಅಲ್ಲಿ ವಿಭಾಗ ಇದೆ. ಖಾಸಗಿಯಾಗಿ ಆರ್ಥೋಟಿಸ್ಟ್‌ಗಳು ಪಾದದ ಅಚ್ಚು ತೆಗೆದು ಇನ್‌ಸೋಲ್ ಮಾಡಿಕೊಡ್ತಾರೆ. ಹಾಗೆ ಮಾಡಿಸೋದಾದ್ರೆ ಮೊದಲು ಇನ್‌ಸೋಲ್, ಆಮೇಲೆ ಒಳಮೆತ್ತೆ ತೆಗೆದ್ರೆ ಅದು ಕೂರೋವಷ್ಟು ಆಳ ಇರೋ ಸ್ಯಾಂಡಲ್.

ಶುಗರ್ ಇರೋರು ಇದನ್ನು ತಪ್ಪದೆ ಓದಿ

ಶುಗರಿಂದ ಪಾದದ ನರ ಸತ್ತಿದ್ರೆ "ಹಾಕಿ ನೋಡಿ ಆರಾಮ ಇದೆಯಾ" ಅನ್ನೋ ಪ್ರಶ್ನೆಗೇ ಅರ್ಥ ಇಲ್ಲ, ಕಚ್ಚಿದ್ರೂ ಅವರಿಗೆ ಗೊತ್ತಾಗಲ್ಲ. ಡಾಕ್ಟರ್ ಹತ್ರ ತೆಳ್ಳನೆ ನೈಲಾನ್ ಎಳೆ ಇರ್ತದೆ, 10 ಗ್ರಾಂ ಒತ್ತಡಕ್ಕೆ ಬಾಗೋದು, ಕಣ್ಣು ಮುಚ್ಚಿಸಿ ಅಂಗಾಲಿಗೆ ಮುಟ್ಟಿಸಿ ಸ್ಪರ್ಶ ಉಂಟಾ ನೋಡ್ತಾರೆ. ಆ ಪರೀಕ್ಷೆ ಮಾಡಿಸಿ ಆಮೇಲೆ ಸ್ಯಾಂಡಲ್ ಯೋಚಿಸಿ.

ಇವರಿಗೆ ಎಂಸಿಆರ್ ಅಂತ ಕೇಳಿ, ಮೈಕ್ರೋ ಸೆಲ್ಯುಲಾರ್ ರಬ್ಬರ್. ವೆಲ್ಲೂರಿನ ಡಾಕ್ಟರ್ ಪಾಲ್ ಬ್ರ್ಯಾಂಡ್ ಮತ್ತವರ ಜೊತೆಗಾರರು ಸ್ಪರ್ಶ ಕಳ್ಕೊಂಡ ಕುಷ್ಠರೋಗಿಗಳ ಕಾಲು ಉಳಿಸೋಕೆ ಇಂಥ ರಬ್ಬರಿನ ಚಪ್ಪಲಿ ಮಾಡಿಸಿದ್ರು, ಅದೇ ವಿದ್ಯೆ ಈಗ ಶುಗರಿನವರಿಗೆ ಬಂದಿದೆ. ಒಳಮೆತ್ತೆ ಸುಮಾರು 15 ಶೋರ್ (ರಬ್ಬರ್ ಎಷ್ಟು ಗಟ್ಟಿ ಅಂತ ಹೇಳೋ ಅಳತೆ) ಮೆತ್ತಗೆ, ಅಡಿಯಲ್ಲಿ ಗಾಜು ಮುಳ್ಳು ತೂರದ ಗಟ್ಟಿ ಅಟ್ಟೆ, ಹಿಂದೆ ಪಟ್ಟಿ. ಮೊಳೆ ಹೊಡೆದು ಜೋಡಿಸಿದ್ದು ಬೇಡ, ಹೊಲಿದು ಅಥವಾ ಅಂಟಿಸಿ ಮಾಡಿದ್ದೇ ಆಗ್ಬೇಕು. ರಿಪೇರಿಗೆ ಕೊಟ್ಟಾಗ ಮೋಚಿ ಕಾಕಾನಿಗೂ "ಮೊಳೆ ಬೇಡ" ಅಂತ ಹೇಳಿ, ಅಭ್ಯಾಸಬಲದಿಂದ ಒಂದು ಹೊಡೆದೇ ಬಿಡ್ತಾರೆ.

ಹಾಕೋ ಮೊದಲು ಸ್ಯಾಂಡಲ್ ಕೊಡವಿ, ಒಳಗೆ ಕೈಯಾಡಿಸಿ. ರಾತ್ರಿ ಅಂಗಾಲು ನೋಡ್ಬೇಕು, ಬಗ್ಗೋಕಾಗದಿದ್ರೆ ನೆಲದಲ್ಲಿ ಕನ್ನಡಿ ಇಟ್ಟು, ಅಥವಾ ಮೊಬೈಲಲ್ಲಿ ಫೋಟೋ ತೆಗೆದು. ತೆಗೆದು ಅರ್ಧ ಗಂಟೆ ಆದ್ರೂ ಕೆಂಪು ಗುರುತು ಹೋಗದಿದ್ರೆ ಆ ಜೋಡಿ ಬೇಡ. ಆಣಿಯನ್ನು ಬ್ಲೇಡಲ್ಲಿ ಕೊಯ್ಯೋದು, ಆಸಿಡ್ ಪಟ್ಟಿ ಅಂಟಿಸೋದು ಎರಡೂ ಮಾಡ್ಬೇಡಿ.

ಹಂತ 7: ಹೊಸ ಜೋಡಿ ಪಳಗಿಸೋದು

ಕಮಾನಿನ ಆಧಾರ ಮೊದಲ ಸಲ ಅಡಿಯಲ್ಲಿ ನಿಂಬೆಹಣ್ಣು ಇಟ್ಟ ಹಾಗೆ ಆಗ್ತದೆ. ಮೊದಲ ದಿನ ಅರ್ಧ ಗಂಟೆ, ಮನೆಯಲ್ಲೇ. ದಿನಕ್ಕೆ ಅರ್ಧ ಗಂಟೆ ಏರಿಸ್ತಾ ಹೋಗಿ, ಒಂದೆರಡು ವಾರದಲ್ಲಿ ಒಗ್ಗಿಬರ್ತದೆ. ಆ ಮೇಲೂ ಅದೇ ಜಾಗ ಚುಚ್ತಿದ್ರೆ ಸರಿಯಾಗ್ತದೆ ಅಂತ ಕಾಯ್ಬೇಡಿ. ಹೊಸ ಸ್ಯಾಂಡಲ್ ಹಾಕಿ ಮೊದಲ ದಿನವೇ ಮಾಟುಂಗದ ಮೈಸೂರು ಅಸೋಸಿಯೇಷನ್ನಿಗೆ ನಾಟಕ ನೋಡೋಕೆ ಹೋಗ್ಬೇಡಿ, ಡೊಂಬಿವಲಿಯಿಂದ ಹೋಗಿ ಬರೋವಾಗ ನಮ್ಮಪ್ಪ ಒಂದು ಕೈಯಲ್ಲಿ ಸ್ಯಾಂಡಲ್, ಒಂದು ಕೈಯಲ್ಲಿ ಟ್ರೈನಿನ ಕಂಬಿ ಹಿಡಿದು ಬಂದವರು.

ಅಂಗಾಲಿನ ಪಟ್ಟಿಯ ನೋವಿನವರು (ಪ್ಲಾಂಟರ್ ಫ್ಯಾಸಿಯೈಟಿಸ್) ಬೆಳಿಗ್ಗೆ ಕಾಲು ಕೆಳಗಿಡೋ ಮೊದಲೇ ಮಂಚದಲ್ಲಿ ಕೂತು ಕಾಲ ಮೇಲೆ ಕಾಲು ಹಾಕಿ ಬೆರಳುಗಳನ್ನು ಕೈಯಲ್ಲಿ ಹಿಂದಕ್ಕೆ ಎಳೀರಿ, ಹತ್ತು ಸೆಕೆಂಡ್, ಹತ್ತು ಸಲ. ಹಗಲಲ್ಲಿ ಗೋಡೆಗೆ ಕೈ ಕೊಟ್ಟು ಮೀನಖಂಡ ಎಳೆಯೋ ವ್ಯಾಯಾಮ. ಹೆಚ್ಚಿನವರಿಗೆ ವರ್ಷದೊಳಗೆ ಇಳೀತದೆ, ಆದ್ರೆ ಸ್ಯಾಂಡಲ್ ಒಂದೇ ಎಲ್ಲಾ ಮಾಡಲ್ಲ.

ಮನೆಯೊಳಗಿನ ಜೋಡಿ, ಅಮ್ಮನ ಒಪ್ಪಿಗೆ ಸಮೇತ

ಇದನ್ನು ಯಾರೂ ಹೇಳಲ್ಲ. ರಿಟೈರ್ ಆದ ಮನುಷ್ಯ ದಿನದ ಹೆಚ್ಚಿನ ಹೊತ್ತು ಇರೋದು ಮನೆಯಲ್ಲಿ, ವಿಟ್ರಿಫೈಡ್ ಟೈಲ್ಸ್ ಮೇಲೆ, ಬರಿಗಾಲಲ್ಲಿ. ಹೊರಗೆ ಹೋಗುವ ಒಂದು ಗಂಟೆಗೆ ಎರಡು ಸಾವಿರದ ಸ್ಯಾಂಡಲ್, ಒಳಗಿನ ಹದಿನಾಲ್ಕು ಗಂಟೆಗೆ ಏನೂ ಇಲ್ಲ. ಫಿಸಿಯೋ ಮೊದಲು ಕೇಳಿದ್ದೇ "ಮನೇಲಿ ಏನು ಹಾಕ್ತೀರಿ" ಅಂತ. ನಮ್ಮಮ್ಮ ಮನೆಯೊಳಗೆ ಚಪ್ಪಲಿ ಅಂದ ಕೂಡಲೇ "ದೇವರ ದೀಪ ಇಡೋ ಮನೆ ಇದು" ಅಂದ್ರು. ಕೊನೆಗೆ ರಾಜಿ ಹೀಗಾಯ್ತು: ಹೊರಗಿನ ನೆಲ ಮುಟ್ಟದ ಹೊಸ ಇವಿಎ ಸ್ಯಾಂಡಲ್, ಹಿಂದೆ ಪಟ್ಟಿ ಇರೋದು, ಬಣ್ಣ ಬೇರೆ, ದೇವರ ಕೋಣೆಯ ಹೊಸ್ತಿಲಲ್ಲಿ ಬಿಡೋದು, ಅಡುಗೆಮನೆಗೂ ಇಲ್ಲ. ಅಡುಗೆಮನೆಯಲ್ಲಿ ನಿಲ್ಲೋ ಜಾಗಕ್ಕೆ ದಪ್ಪ ರಬ್ಬರ್ ಮ್ಯಾಟ್ ಹಾಸಿದ್ವಿ, ಈಗ ಅಮ್ಮನೂ ಅದ್ರ ಮೇಲೇ ನಿಲ್ತಾರೆ. ಬೆಳಿಗ್ಗೆ ಮಂಚದ ಪಕ್ಕದಲ್ಲೇ ಆ ಜೋಡಿ ಇರ್ಬೇಕು, ಮೊದಲ ಹೆಜ್ಜೆಯೇ ಅದ್ರೊಳಗೆ ಬೀಳೋ ಹಾಗೆ.

ಒಣಗಿಸೋದು, ಬದಲಿಸೋದು

ಮಳೆಗಾಲಕ್ಕೆ ಎರಡು ಜೋಡಿ ಇದ್ರೆ ಒಂದು ಒಣಗ್ತದೆ. ಒದ್ದೆಯಾದದ್ದಕ್ಕೆ ಪೇಪರ್ ತುರುಕಿ ಫ್ಯಾನಿನಡಿ ಇಡಿ, ಬಿಸಿಲಲ್ಲಿ, ಫ್ರಿಜ್ಜಿನ ಹಿಂದೆ ಇಟ್ರೆ ಅಂಟು ಬಿಡ್ತದೆ. ವೆಲ್ಕ್ರೋದಲ್ಲಿ ಕೂದಲು ನೂಲು ಸಿಕ್ಕಿಕೊಂಡು ಹಿಡಿತ ಹೋಗಿದ್ರೆ ಹಳೇ ಟೂತ್‌ಬ್ರಶ್ಶಲ್ಲಿ ತಿಕ್ಕಿದ್ರೆ ಸಾಕು.

ಮೇಲಿಂದ ಹೊಸದರ ಹಾಗೆ ಕಂಡ್ರೂ ಒಳಮೆತ್ತೆ ಸತ್ತಿರ್ತದೆ. ತಿಂಗಳಿಗೊಮ್ಮೆ ಅದೇ ಹೆಬ್ಬೆರಳ ಪರೀಕ್ಷೆ ಮಾಡಿ, ಟೇಬಲ್ ಮೇಲಿಟ್ಟು ಹಿಂದಿಂದ ವಾಲಿದೆಯಾ ನೋಡಿ, ಅಡಿಯ ಗೀರು ನುಣ್ಣಗಾಗಿದ್ರೆ ಮಳೆಗಾಲಕ್ಕೆ ಮುಂಚೆಯೇ ಬದಲಿಸಿ. ತಗೊಂಡ ತಿಂಗಳು ಮರೆತುಹೋಗ್ತದೆ ಅಂತ ನಾನು ಮಾರ್ಕರಲ್ಲಿ ಅಟ್ಟೆಯಡಿ ಬರೆದಿದ್ದೆ, ನಾಲ್ಕೇ ದಿನಕ್ಕೆ ಸವೆದುಹೋಯ್ತು, ಈಗ ಹಿಂದಿನ ಪಟ್ಟಿಯ ಒಳಬದಿಯಲ್ಲಿ ಬರೀತೇನೆ. ಹಳೇ ನೀಲಿ ಹವಾಯಿ ಇನ್ನೂ ಬಾಲ್ಕನಿಯಲ್ಲಿದೆ, ಗಿಡಕ್ಕೆ ನೀರು ಹಾಕೋಕೆ ಅಂತೆ. ನಾನು ಆಫೀಸಿಗೆ ಹೋದ ಮೇಲೆ ಅದು ಹಾಲಿನ ಅಂಗಡಿಗೂ ಹೋಗಿ ಬರ್ತದೆ ಅಂತ ಸೊಸೈಟಿ ವಾಚ್‌ಮನ್ ಹೇಳಿದ್ದಾನೆ.